ಅತ್ತೆಗೊಂದು ಬಾವಿ, ನಮಗೊಂದು ಕಾಡು

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಟಾರ್ಪಾಲೊಂದು ಸಿಕ್ಕಿತು. ಇಲಿ ಕಡಿದು ಜರಡಿಯಾಗಿದೆ. ಎಳೆದು ಕೆಳಗೆ ಹಾಕಿ ಬಿಚ್ಚಿದರೆ ಮಡಿಕೆಯೊಳಗಿಂದ ಕೊಬ್ಬರಿ ವಾಸನೆ ಗಪ್ಪನೆ ಬಂತು. ಅರಸೀಕೆರೆಯ ಕೊಬ್ಬರಿ ವ್ಯಾಪಾರದವರ ಮನೆಗೆ ಸೊಸೆಯಾಗಿ ಬಂದವಳಿಗೆ ಆ ವಾಸನೆ ಹೊಸದಲ್ಲ ಬಿಡಿ. ಮದುವೆಯಾದ ಹೊಸದರಲ್ಲಿ ನನ್ನ ರೇಷ್ಮೆ ಸೀರೆಗಳಿಗೂ ಅದೇ ವಾಸನೆ ಹತ್ತಿತ್ತು. ತವರಿಗೆ ಹೋದಾಗಲೆಲ್ಲ ನನ್ನ ತಂಗಿ, "ಅಕ್ಕ ಬಂದ್ಳು, ಇವತ್ತು ತಲೆಗೆ ಎಣ್ಣೆ ಬೇಡ, ಅವಳ ಸೆರಗು ಸವರ್ಕೊಂಡ್ರೆ ಸಾಕು" ಎಂದು ರೇಗಿಸುತ್ತಿದ್ದಳು. ಆದರೆ ಈ ಟಾರ್ಪಾಲಿನಲ್ಲಿ ಕೊಬ್ಬರಿಯ ಹಿಂದೆ ಒಂದಿಷ್ಟು ಸೌದೆ ಹೊಗೆಯ ವಾಸನೆಯೂ ಇದೆ. ಇದೆಯೋ, ಇದೆ ಅಂತ ನನ್ನ ಮೂಗು ಹಟ ಹಿಡಿದಿದೆಯೋ ಗೊತ್ತಿಲ್ಲ. ಆ ಹೊಗೆ ಕಾಡಿನದು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಾವು ಮನೆಮಂದಿ ಒಂದು ಸಲ ಕಾಡಿನಲ್ಲಿ ಬಿಡಾರ ಹೂಡಿದ್ದೆವು.

ಕಾಡು ಅಂದಕೂಡಲೇ ನೀವು ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ನಮ್ಮ ಕಡೆ ತೆಂಗಿನ ತೋಟ, ರಾಗಿ ಹೊಲ ಬಿಟ್ಟರೆ ಉಳಿಯುವುದು ಕಲ್ಲುಗುಡ್ಡ. ಗುಡ್ಡದ ಮೇಲೆ ಆಳೆತ್ತರದ ಕುರುಚಲು. ನಾನು ಬೆಳೆದದ್ದು ಬಾಣಾವರದಲ್ಲಿ. ಚಿಕ್ಕವಳಿದ್ದಾಗ ನನಗೆ ಗೊತ್ತಿದ್ದ ಕಾಡೆಂದರೆ ಸೀತಾಫಲದ ಗುಡ್ಡ ಒಂದೇ. ಕಾಯಿ ಕಣ್ಣು ಬಿಟ್ಟಿದೆಯೋ ಇಲ್ಲವೋ ಎಂದು ದೂರದಿಂದಲೇ ಹೇಳಿಬಿಡುತ್ತಿದ್ದೆ. ಕಿತ್ತು ತಂದದ್ದನ್ನು ಹಣ್ಣಾಗಲೆಂದು ರಾಗಿಯ ಗುಡಾಣದಲ್ಲಿ ಹೂತಿಟ್ಟು ಮರೆತು, ಇರುವೆ ಮುತ್ತಿ, ಅಮ್ಮನ ಕೈಲಿ ಬೈಸಿಕೊಂಡದ್ದೂ ಉಂಟು. ಒಂದು ಸಲ ಪೊದೆಯೊಳಗೆ ಸರಬರ ಸದ್ದಾಯಿತು. ಗುಡ್ಡದಲ್ಲಿ ಚಿರತೆ ಇದೆ ಎಂದು ಊರೆಲ್ಲ ಮಾತು. ನಾನು ಕಣ್ಣು ಮುಚ್ಚಿ ಶಿವನಾಮ ಹೇಳುತ್ತ, ಬದುಕಿಸಿದರೆ ಸೋಮವಾರ ಒಪ್ಪತ್ತು ಇರುತ್ತೇನೆಂದು ಹರಕೆಯನ್ನೂ ಹೊತ್ತುಬಿಟ್ಟೆ. ಹೊರಗೆ ಬಂದದ್ದು ಮೇಕೆ. ಹೊತ್ತ ಮೇಲೆ ಮಾತು ತಪ್ಪುವುದುಂಟೇ? ಒಂದು ವರ್ಷ ಪೂರ್ತಿ ಮೇಕೆಯ ಲೆಕ್ಕದಲ್ಲಿ ಸೋಮವಾರ ಹಸಿದುಕೊಂಡಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮಗಳು ಉಮಾ ಆಗ ಏಳನೇ ತರಗತಿ. ಶಾಲೆಯಿಂದ ಗೈಡ್ಸ್ ಕ್ಯಾಂಪಿಗೆ ಹೋಗಿ ಮೂರು ದಿನ ಇದ್ದು ಬಂದವಳು, ಮೂರು ವಾರ ಬಾಯಿ ಮುಚ್ಚಲಿಲ್ಲ. ಟೆಂಟಂತೆ, ಸೀಟಿಯಂತೆ, ಗಂಟು ಹಾಕುವುದರಲ್ಲೇ ಏಳು ಬಗೆಯಂತೆ. ಒಂದು ದಿನ ಅವಳ ವರ್ಣನೆಯನ್ನು ಹೂಂಗುಟ್ಟುತ್ತ ಕೇಳುತ್ತಿದ್ದ ನಮ್ಮತ್ತೆ, ಅವರೆಕಾಯಿ ಸುಲಿಯುತ್ತಲೇ ಅಂದರು: "ನಾವು ಸಣ್ಣೋರಿದ್ದಾಗ ಕಣಕಟ್ಟೆ ತ್ವಾಟದಲ್ಲಿ ನಮ್ಮಪ್ಪ ಮರದ ಬುಡದಲ್ಲೇ ಪೂಜೆಗೆ ಕೂರೋದು. ನಾನೂ ಪಕ್ಕದಲ್ಲಿ ಕೂರ್ತಿದ್ದೆ. ಹಂಗೆ ಬಯಲಲ್ಲಿ ಕೂತು ಅದೆಷ್ಟು ಕಾಲಾತೋ."

ಅಷ್ಟೇ. ಮತ್ತೆ ಅವರೆಕಾಯಿಗೆ ತಿರುಗಿದರು. ಆದರೆ ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಯಾಕೆಂದರೆ ಅತ್ತೆ ಹೊಸಿಲು ದಾಟಿ ಎಲ್ಲಿಗೂ ಹೋಗದೆ ಆಗಲೇ ಮೂರು ವರ್ಷವಾಗಿತ್ತು.

ಅದರ ಹಿಂದಿನದನ್ನು ಸ್ವಲ್ಪ ಹೇಳಬೇಕು. ಕೊರಳಲ್ಲಿ ಧರಿಸಿದ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವವರೆಗೆ ಅತ್ತೆಯ ಬಾಯಿಗೆ ಒಂದು ತೊಟ್ಟು ನೀರೂ ಇಳಿಯುವುದಿಲ್ಲ. ಪೂಜೆಯ ನೀರು ಆ ಬೆಳಗ್ಗೆಯೇ ಸೇದಿದ್ದಾಗಿರಬೇಕು. ಹಿಂದಿನ ದಿನದ್ದು ಮೈಗೆ ಆದೀತು, ಲಿಂಗಕ್ಕೆ ಆಗದು. ಇದು ನಮ್ಮಲ್ಲಿ ಹಲವರ ಮನೆಯ ಪದ್ಧತಿ, ಇದರಲ್ಲೇನೂ ಕಷ್ಟವಿರಲಿಲ್ಲ. ಕಷ್ಟ ತಂದಿಟ್ಟವನು ಬೋರಿಂಗ್ ರಿಪೇರಿಯವನು. ನಮ್ಮ ಬೀದಿಯ ಕೊನೆಯ ಕೈಪಂಪು ಕೆಟ್ಟಾಗ ಬಂದು, ಉದ್ದುದ್ದ ಸರಳುಗಳನ್ನು ಎಳೆದು ಬೀದಿಗೆ ಹಾಸಿದ. ಅತ್ತೆ ಜಗಲಿಯ ಮೇಲೆ ಕೂತಿದ್ದವರು, "ಅದೇನಪ್ಪಾ ಅದು, ಕರ್ರಗೆ ಬಟ್ಟಲಂಗೈತೆ?" ಎಂದು ಕೇಳಿದರು. "ಚರ್ಮದ ವಾಷರ್ ಕಣಜ್ಜಿ. ಇದಿಲ್ದೆ ನೀರೇ ಮ್ಯಾಕ್ ಬರಾಕಿಲ್ಲ" ಎಂದ ಆ ಪುಣ್ಯಾತ್ಮ. ಮುಗಿಯಿತು. ಅಂದಿನಿಂದ ಕೈಪಂಪು ಬಂದ್. ನಲ್ಲಿಯೊಳಗೂ ಅಂಥದ್ದೇ ಏನೋ ಇರುತ್ತದೆಂದು ಯಾರೋ ಹೇಳಿದರು, ನಲ್ಲಿಯೂ ಬಂದ್. ಸದ್ಯ ಹಿತ್ತಿಲಲ್ಲಿ ಸೇದುವ ಬಾವಿಯಿತ್ತು.

ಆಮೇಲೆ ಅತ್ತೆಗೆ ಸಕ್ಕರೆ ಕಾಯಿಲೆ ಬಂತು. ಮಾತ್ರೆಗೆ ಬಗ್ಗದೆ ಇನ್ಸುಲಿನ್ನಿಗೆ ಬಂತು. ಸೂಜಿ ಬಾಯಿಯಿಂದ ಹೋಗುವುದಲ್ಲವಲ್ಲ, ಪೂಜೆಗೆ ಮುಂಚೆ ಚುಚ್ಚಿಸಿಕೊಳ್ಳಲು ಅವರದೇನೂ ಅಡ್ಡಿಯಿರಲಿಲ್ಲ. ಚುಚ್ಚುವ ಕೆಲಸ ನನ್ನದು. ಬದನೆಕಾಯಿಗೆ ಚುಚ್ಚಿ ಚುಚ್ಚಿ ಕಲಿತೆ. ಆ ವಾರವೆಲ್ಲ ಮನೆಯಲ್ಲಿ ಎಣ್ಣೆಗಾಯಿಯೇ. ಚುಚ್ಚಿದ ಅರ್ಧ ಗಂಟೆಯಲ್ಲಿ ಹೊಟ್ಟೆಗೆ ಬೀಳಲೇಬೇಕೆಂದು ಡಾಕ್ಟರು ಹೇಳಿದ್ದರು. ಮನೆಯಲ್ಲಿ ಅದು ಗಡಿಯಾರದಂತೆ ನಡೆಯುತ್ತಿತ್ತು: ಏಳಕ್ಕೆ ಸೂಜಿ, ಕೂಡಲೇ ಪೂಜೆ, ಏಳೂವರೆಗೆ ರೊಟ್ಟಿ. ಒಮ್ಮೆ ಯಾತ್ರೆಗೆ ಹೋಗಿ ಛತ್ರದಲ್ಲಿ ಇಳಿದಾಗ ಅದು ತಪ್ಪಿತು. ಸೂಜಿ ಆಯಿತು, ನೋಡಿದರೆ ಎಲ್ಲೆಲ್ಲೂ ನಲ್ಲಿ. ನಮ್ಮ ಮನೆಯವರು ಬಾವಿ ಹುಡುಕಿಕೊಂಡು ಬರುವಷ್ಟರಲ್ಲಿ ಅತ್ತೆ ಬೆವರಿ, ನಡುಗಿ, ನೆಲಕ್ಕೆ ಒರಗಿಬಿಟ್ಟಿದ್ದರು. ಬಾಯಿಗೆ ಸಕ್ಕರೆ ಹಾಕಿ ಬದುಕಿಸಿದೆವು. ಎಚ್ಚರವಾದ ಮೇಲೆ ಅವರು ಕೇಳಿದ ಮೊದಲ ಮಾತು, "ಪೂಜೆಗೆ ಮುಂಚೆ ನನ್ ಬಾಯಿಗೇನಾದ್ರೂ ಹಾಕಿದ್ರಾ?" ನಾನು ಸುಳ್ಳು ಹೇಳಲಾರದೆ ಹೂಂ ಅಂದೆ. ಅವರು ಬೈಯಲಿಲ್ಲ. ಊರಿಗೆ ಬಂದ ಮೇಲೆ, "ಇನ್ ನಾನೆಲ್ಲೂ ಬರಲ್ಲ ಕಣವ್ವ. ನಿಮಗೂ ಕಷ್ಟ, ನಂಗೂ ತಪ್ಪು" ಅಂದರು. ಅವರೊಬ್ಬರನ್ನೇ ಬಿಟ್ಟು ನಾವು ಹೇಗೆ ಹೋಗುವುದು? ಮೂರು ವರ್ಷ ನಾವೂ ಎಲ್ಲಿಗೂ ಹೋಗಲಿಲ್ಲ.

ಹಾಗಾಗಿ ಕ್ಯಾಂಪು ಉಮಾಳ ಆಸೆಯಾದರೂ ನನ್ನ ಹಟ ಬೇರೆಯಾಗಿತ್ತು. ಅತ್ತೆಯನ್ನು ಒಂದು ದಿನ ಬಯಲಿಗೆ ಕರೆದೊಯ್ಯಬೇಕು, ಅವರು ಮರದ ಬುಡದಲ್ಲಿ ಪೂಜೆ ಮಾಡಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಅದಕ್ಕೆ ಬೇಕಾದದ್ದು ಕಾಡು, ನೆರಳು, ಮತ್ತು ಕೈಯಲ್ಲಿ ಸೇದುವ ನೀರು. ಕೇಳಲು ಇಷ್ಟೇ. ಹುಡುಕಲು ಹೊರಟಾಗ ಗೊತ್ತಾಯಿತು.

ಸಂಕ್ರಾಂತಿ ಕಳೆದ ಮೊದಲ ಭಾನುವಾರ ನಾನೂ ನಮ್ಮ ಮನೆಯವರೂ ಸ್ಕೂಟರಿನಲ್ಲಿ ಕಣಕಟ್ಟೆಯ ಕಡೆ ಹೊರಟೆವು. ಅಲ್ಲಿ ಅತ್ತೆಯ ತವರಿನಿಂದ ಬಂದ ನಮ್ಮದೇ ತೋಟವಿದೆ, ಬಾವಿಯಿದೆ. ಉಮಾ ಮೊದಲೇ ಹೇಳಿಬಿಟ್ಟಿದ್ದಳು: "ತೋಟದಲ್ಲಿ ಮಲಗಿದ್ರೆ ಅದು ಕ್ಯಾಂಪಲ್ಲ, ಕಾವಲು." ಅದನ್ನು ದಾಟಿ ಮುಂದೆ ಹೋದರೆ ನೀಲಗಿರಿ ನೆಡುತೋಪು. ಪಿ.ಟಿ. ಪೀರಿಯಡ್ಡಿಗೆ ನಿಂತ ಮಕ್ಕಳ ಹಾಗೆ ಮರಗಳು ಸಾಲಾಗಿ ನಿಂತಿವೆ. ಕೆಳಗೆ ನೆರಳಿಲ್ಲ, ಮೇಲೆ ಹಕ್ಕಿಯಿಲ್ಲ, ನೀರಂತೂ ಕೇಳಲೇಬೇಡಿ. ನಮ್ಮ ಮನೆಯವರು ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿ, "ಜಾಗ ಚೆನ್ನಾಗಿದೆ. ಲಾರಿ ತಿರುಗಿಸ್ಬೋದು" ಅಂದರು.

"ರೀ, ಲಾರಿ ಯಾರು ತರ್ತಾರೆ ಇಲ್ಲಿಗೆ?"

"ಒಂದು ಮಾತು ಹೇಳ್ದೆ ಕಣೇ."

ವ್ಯಾಪಾರದವರ ಕಣ್ಣು. ಮುಂದಿನ ಎರಡು ಭಾನುವಾರವೂ ಎಲ್ಲಿ ಇಳಿದರೂ ಮೊದಲು ಲಾರಿ ತಿರುಗಿಸಿಯೇ ನೋಡಿದರು.

ಎರಡನೆಯ ಭಾನುವಾರ ಬಾಣಾವರದ ಆಚೆ. ಅಲ್ಲೊಂದು ಹಳೆಯ ಮಾವಿನ ತೋಪು, ಅದಕ್ಕೆ ಅಂಟಿಕೊಂಡೇ ಕಾಡು. ನೆರಳು ತಂಪಾಗಿ ಚೆಲ್ಲಿತ್ತು. ಅಳಿಲು ಓಡಾಡುತ್ತಿದ್ದವು. ಸಾಕ್ಷಾತ್ ನಮಗಾಗಿಯೇ ಇಟ್ಟ ಜಾಗ ಎಂದು ಕೈ ಮುಗಿಯಬೇಕು, ಅಷ್ಟರಲ್ಲಿ ಕಂಡಿತು ಕೈಪಂಪು. ನನಗೆ ಎಷ್ಟು ಸಂಕಟವಾಯಿತೆಂದರೆ, "ರೀ, ಬೆಳಗಿನ ಜಾವ ನಾವೇ ಬಿಂದಿಗೆ ತುಂಬಿಟ್ರೆ, ಅತ್ತೆಗೆ ಎಲ್ಲಿಂದ ತಂದ್ವಿ ಅಂತ ಏನು ಗೊತ್ತಾಗುತ್ತೆ?" ಎಂದುಬಿಟ್ಟೆ.

ಅವರು ನನ್ನ ಮುಖವನ್ನೇ ನೋಡಿದರು. "ಗೌರಿ, ಈ ಮಾತು ನೀನೇ ಆಡಿದ್ದಾ?"

ನಾಚಿಕೆಯಾಯಿತು. ದಿನಾ ಎರಡು ಹೊತ್ತು ದೇವರ ಮುಂದೆ ಕೂರುವವಳ ಬಾಯಲ್ಲಿ ಇಂಥದ್ದು ಎಷ್ಟು ಸಲೀಸಾಗಿ ಬಂತು ನೋಡಿ. ಸಂಜೆ ಮನೆಗೆ ಬಂದರೆ ಅತ್ತೆ ಕೇಳಿದ ಮೊದಲ ಪ್ರಶ್ನೆಯೇ, "ನೀರು ಯಾವುದು?" ಪಂಪು ಅಂದೆ. "ಹಂಗಾದ್ರೆ ನೀವ್ ಹೋಗ್ಬನ್ನಿ. ಮಗು ಆಸೆ ಪಡ್ತೈತೆ. ನಾನು ಮನೆ ಕಾಯ್ತೀನಿ." ಅದನ್ನು ಹೇಳುವಾಗ ಅವರು ಉಮಾಳ ಜಡೆ ಹೆಣೆಯುತ್ತಿದ್ದರು. ಜಡೆ ಆ ದಿನ ತುಂಬ ಬಿಗಿಯಾಯಿತೆಂದು ಉಮಾ ಆಮೇಲೆ ದೂರು ಹೇಳಿದಳು.

ಮೂರನೆಯ ಭಾನುವಾರ ಹಳೇಬೀಡು. ಕೆರೆಯ ಆಚೆ ದಡದಲ್ಲಿ ಮರಗಳಿವೆಯೆಂದು ಯಾರೋ ಹೇಳಿದ್ದರು. ಮರಗಳೂ ಇದ್ದವು, ಅವುಗಳ ಕೆಳಗೆ ನಾಲ್ಕು ವ್ಯಾನು ಜನವೂ ಇದ್ದರು. ಟೇಪ್‌ರೆಕಾರ್ಡರ್ ಕಿರುಚುತ್ತಿತ್ತು. ಮೂಳೆ ಚೆಲ್ಲಾಡಿತ್ತು. ಅತ್ತೆಯನ್ನು ಇಲ್ಲಿ ಕೂರಿಸುವುದು ಕನಸಿನ ಮಾತು. ಬಂದಿದ್ದೇವೆ, ಬೇಲೂರಿಗಾದರೂ ಹೋಗಿ ಕೈ ಮುಗಿದು ಬರೋಣ ಎಂದು ಅತ್ತ ತಿರುಗಿದೆವು. ದೇವಸ್ಥಾನದ ಎದುರು ನಮ್ಮ ಮನೆಯವರು ನನಗೆ ಒಂದು ಮೊಳ ಮಲ್ಲಿಗೆ ಕೊಡಿಸಿದರು. ಹೂ ಕೊಡಿಸಿದ್ದು ದೊಡ್ಡದಲ್ಲ, ತಾವಾಗಿಯೇ ನಿಂತು ಕೊಡಿಸಿದ್ದು ದೊಡ್ಡದು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ನಾವಿಬ್ಬರೇ ಮೂರು ಭಾನುವಾರ ಒಟ್ಟಿಗೆ ಹೊರಗೆ ಹೋಗಿದ್ದು ಅದೇ ಮೊದಲು. ಶಿವ ಕೊಡುವುದನ್ನು ಕೇಳಿದ ಬಾಗಿಲಿನಿಂದಲೇ ಕೊಡಬೇಕೆಂದೇನಿಲ್ಲ ಎಂದು ನಾನು ಮಲ್ಲಿಗೆ ಮುಡಿದುಕೊಂಡೆ.

ಹಳೇಬೀಡಿನ ದಾರಿಯಲ್ಲೇ ವಾಪಸ್ ಬರುವಾಗ ಟೀ ಅಂಗಡಿಯವನೊಬ್ಬ ದಾರಿ ತೋರಿಸಿದ. ಟಾರು ಬಿಟ್ಟು ಮಣ್ಣಿನ ಹಾದಿ. ಮುತ್ತುಗ, ಹೊಂಗೆ, ಹಿಪ್ಪೆ ಮರಗಳ ಪುಟ್ಟ ಕಾಡು. ನಡುವೆ ಕಲ್ಲಿನ ಈಶ್ವರನ ಗುಡಿ, ಮುಂದೆ ನಾಲ್ಕು ಕಂಬದ ಮಂಟಪ, ಪಕ್ಕದಲ್ಲಿ ಎರಡು ಬಿಲ್ವದ ಮರ. ಮತ್ತೆ, ಏನು ಹೇಳಲಿ, ಬಾವಿ! ಕಲ್ಲು ಕಟ್ಟಿದ ಬಾವಿ, ಮೇಲೆ ರಾಟೆ. ಮುದುಕಿಯೊಬ್ಬಳು ನೀರು ಸೇದುತ್ತಿದ್ದಳು.

"ಈ ನೀರು ಕುಡಿಯೋಕೆ ಆಗುತ್ತಾ ಅಜ್ಜಿ?"

"ಎಂಬತ್ ವರ್ಸದಿಂದ ಕುಡೀತಾ ಇವ್ನಿ. ಇನ್ನೂ ಸತ್ತಿಲ್ಲ."

ಅವಳು ಬಿಂದಿಗೆಯನ್ನು ಸೊಂಟಕ್ಕೇರಿಸಿ, ಹಗ್ಗವನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಊರ ಕಡೆ ಹೊರಟಳು. ನಾನು ಅದನ್ನು ಎರಡು ಕಣ್ಣಿನಿಂದಲೂ ನೋಡಿದೆ. ನೋಡಿ ಏನು ಬಂತು? ಗುಡಿಯ ಕಡೆ ತಿರುಗಿ ಕೈ ಮುಗಿಯುವ ಸಡಗರದಲ್ಲಿದ್ದೆ.

ಅಲ್ಲಿನ ಅರಣ್ಯದ ವಾಚರು ರಂಗಣ್ಣ ಅನ್ನುವವರು. ಕಚೇರಿಯಿಂದ ಚೀಟಿ ತರಬೇಕು, ಒಲೆ ಗುಡಿಯ ಅಂಗಳದಲ್ಲೇ ಹೂಡಬೇಕು, ಹೊರಡುವ ಮುಂಚೆ ನೀರು ಸುರಿಯಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದರು. ನಮ್ಮ ಮನೆಯವರು ಎಲ್ಲಕ್ಕೂ ಒಪ್ಪಿ, ವಾರದಲ್ಲೇ ಚೀಟಿ ತಂದರು.

ಅತ್ತೆಗೆ ವರದಿ ಒಪ್ಪಿಸಿದೆ.

"ರಾಟೆ ಐತಾ?"

"ಐತೆ ಅತ್ತೆಮ್ಮ."

"ಬಿಲ್ವ?"

"ಎರಡು ಮರ."

ಅವರು ಹೊಸಿಲಿನ ಕಡೆ ಒಮ್ಮೆ ನೋಡಿದರು. ಆಮೇಲೆ, "ಬತ್ತೀನಿ" ಅಂದರು. ನಾನು ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡೆ. ಮೂರು ವರ್ಷದ ಮೇಲೆ ಬಂದ ಮಾತು ಅದು.

ಶುಕ್ರವಾರ ಸಂಜೆ ಉಮಾ ಗೈಡ್ಸಿನ ಪಟ್ಟಿ ತೆಗೆದು ಒಂದೊಂದೇ ಓದಿದಳು. ಟಾರ್ಚು, ಬೆಂಕಿಪೊಟ್ಟಣ, ಚಾಕು, ಸೂಜಿದಾರ, ಎಲ್ಲಕ್ಕೂ ಅಪ್ಪ "ಇದೆ" ಅನ್ನುತ್ತಿದ್ದರು. "ಹಗ್ಗ" ಅಂದಳು.

ನಾವು ಮೂವರೂ ನಕ್ಕೆವು. ಅತ್ತೆ ಅಂತೂ ಬಾಯಿ ಮೇಲೆ ಸೆರಗಿಟ್ಟುಕೊಂಡು ನಕ್ಕರು.

"ಹಗ್ಗ ಅಂತೆ! ಲೇ ಉಮಾ, ತೆಂಗಿನ ನಾರಲ್ಲಿ ಹುಟ್ಟಿ ಬೆಳೆದೋರು ಕಣೇ ನಾವು. ಅಂಗಡೀಲಿ ಹಗ್ಗ, ಹಿತ್ತಲಲ್ಲಿ ಹಗ್ಗ, ಕಾಲಿಟ್ಟಲ್ಲೆಲ್ಲ ಹಗ್ಗ. ಅದನ್ನೂ ಬರ್ಕೋಬೇಕಾ? ಮುಂದಿಂದು ಓದು" ಅಂದರು ಅವರಪ್ಪ.

ಉಮಾ ಪೆನ್ಸಿಲಿನಿಂದ ಅದನ್ನು ಹೊಡೆದು ಹಾಕಿದಳು.

ಶನಿವಾರ ಮಧ್ಯಾಹ್ನ ಬಾಡಿಗೆ ವ್ಯಾನಿನಲ್ಲಿ ಹೊರಟೆವು. ಅತ್ತೆ ಹೊಸಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಹೊರಗೆ ಕಾಲಿಟ್ಟರು. ನಮ್ಮ ಜೊತೆ ಏನೇನು ಬಂತೆಂದರೆ, ಎರಡು ಬಿಂದಿಗೆ, ಮನೆಯ ನೀರಿನ ಒಂದು ಕ್ಯಾನು, ರಾಗಿ ಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ, ಅವರೆಕಾಳು, ಈ ಟಾರ್ಪಾಲು, ನಾಲ್ಕು ಕಂಬಳಿ, ಐಸ್ ತುಂಬಿದ ಫ್ಲಾಸ್ಕಿನಲ್ಲಿ ಅತ್ತೆಯ ಇನ್ಸುಲಿನ್, ಮತ್ತೆ ತೋಟದಿಂದ ಬಂದಿದ್ದ ಆರು ಎಳನೀರು. ಎಳನೀರು ನಮ್ಮ ಮೂವರಿಗೆ. ಅತ್ತೆಗೆ ಡಾಕ್ಟರು ಅದನ್ನು ಬಿಡಿಸಿ ಕಾಲವಾಗಿತ್ತು. ತೆಂಗಿನ ತೋಟದ ಯಜಮಾನಿ, ಎಳನೀರು ಕುಡಿಯುವಂತಿಲ್ಲ. ನಾವು ಕುಡಿಯುವಾಗ ಅವರು ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು.

ಆ ಸಂಜೆಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಮೂರು ಕಲ್ಲಿನ ಒಲೆಗೆ ನಾನು ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡೆ. ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ, "ಗ್ಯಾಸಿನ ಸೊಸೆ" ಎಂದು, ಎರಡು ಒಣಗರಿಕೆ ತುರುಕಿ ಒಂದೇ ಉಸಿರಿಗೆ ಹೊತ್ತಿಸಿದರು. ಕ್ಯಾನಿನ ನೀರಿನಲ್ಲೇ ಅಡುಗೆ, ಊಟ ಮುಗಿಸಿ, ಮಂಟಪದಲ್ಲಿ ಟಾರ್ಪಾಲು ಹಾಸಿ ಎಲ್ಲರೂ ಬೇಗ ಮಲಗಿದೆವು.

ಬೆಳಗ್ಗೆ ಎದ್ದಾಗ ಮಂಜು ಮರದ ತುದಿಗೆ ಸಿಕ್ಕಿಕೊಂಡಿತ್ತು. ಅತ್ತೆ ಆಗಲೇ ಕ್ಯಾನಿನ ನೀರಲ್ಲಿ ಮೈ ತೊಳೆದು, ಬಿಲ್ವಪತ್ರೆ ಕಿತ್ತು, ಮರದ ಬುಡದಲ್ಲಿ ಮಣೆ ಹಾಕಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದರು. ಅವರ ಮುಖದಲ್ಲಿದ್ದ ಕಳೆ ನೋಡಿ ನನಗೆ ಕೈಯೇ ಓಡಲಿಲ್ಲ. ಗಡಿಯಾರ ನೋಡಿದೆ, ಏಳು. ಅಭ್ಯಾಸಬಲ. ಫ್ಲಾಸ್ಕ್ ತೆಗೆದೆ, ಸೂಜಿಗೆ ಔಷಧಿ ಎಳೆದೆ, ಚುಚ್ಚಿದೆ. ಸ್ಪಿರಿಟ್ ಹತ್ತಿಯನ್ನು ಒತ್ತಿ ಹಿಡಿದು, "ರೀ, ಪೂಜೆಗೆ ನೀರು ಸೇದಿ" ಎಂದು ಕೂಗಿದೆ.

ಬಾವಿಯ ಕಡೆ ತಿರುಗಿ ಇನ್ನೊಮ್ಮೆ ಕೂಗಿದೆ. ನಮ್ಮ ಮನೆಯವರು ಖಾಲಿ ಬಿಂದಿಗೆ ಹಿಡಿದು ರಾಟೆಯ ಕೆಳಗೆ ನಿಂತಿದ್ದರು.

"ಗೌರಿ... ಹಗ್ಗ?"

ಉಮಾ ಮೆಲ್ಲಗೆ ಅಂದಳು: "ಅಪ್ಪ, ನೀನೇ ಹೊಡೆದು ಹಾಕ್ಸಿದ್ದು."

 ಸೂಜಿ ಒಳಗೆ ಹೋಗಿದೆ, ವಾಪಸ್ ಎಳೆಯಲಾಗದು. ಛತ್ರದ ನೆಲದ ಮೇಲೆ ಒರಗಿದ್ದ ಅತ್ತೆಯ ಮುಖ ಕಣ್ಣ ಮುಂದೆ ಬಂತು. ವ್ಯಾನು ಹತ್ತು ಗಂಟೆಗೆ ಬರುವುದು. ನಮ್ಮ ಮನೆಯವರು, "ಊರಿಂದ ತರ್ತೀನಿ" ಎಂದು ಪಂಚೆ ಎತ್ತಿ ಕಟ್ಟಿ ಓಡಿದರು. ಊರು ಒಂದೂವರೆ ಮೈಲಿ. ಹೋಗಿ ಬರಲು ಅರ್ಧ ಗಂಟೆ ಸಾಲದು. ನಾನು ನನ್ನ ಬದಲಿ ಸೀರೆಯನ್ನೂ ಅತ್ತೆಯ ಸೀರೆಯನ್ನೂ ಎಳೆದು ತಂದೆ. ಉಮಾ ಕ್ಯಾಂಪಿನಲ್ಲಿ ಕಲಿತ ಗಂಟು ಹಾಕಿದಳು, ಒಳ್ಳೆಯ ಗಂಟೇ. ರಾಟೆಯ ಮೇಲಿಂದ ಬಿಂದಿಗೆ ಇಳಿಬಿಟ್ಟೆವು. ಅದು ನೀರಿನಿಂದ ಒಂದಾಳೆತ್ತರ ಮೇಲೆಯೇ ನಿಂತು ತೂಗಾಡಿತು. ಕೆಳಗೆ ನೀರು ತಣ್ಣಗೆ ನಮ್ಮನ್ನೇ ನೋಡುತ್ತಿತ್ತು.

ಗದ್ದಲಕ್ಕೆ ರಂಗಣ್ಣ ಬಂದರು. ವಿಷಯ ತಿಳಿದು, "ಅಯ್ಯೋ, ನಮ್ ಕ್ವಾಟ್ರಸ್ ತಾವ ಪಂಪೈತೆ ಅಮ್ಮಾರೇ, ಒಂದ್ ಗಳಿಗೇಲಿ ತತ್ತೀನಿ" ಅಂದರು. ನಾನು ಅತ್ತೆಯ ಕಡೆ ನೋಡಿದೆ. ಅವರು ಬೇಡವೆಂದು ತಲೆಯಾಡಿಸಿದರು. ನಾನು ಚರ್ಮದ ವಾಷರಿನ ಕಥೆ ಹೇಳಿದೆ.

"ಈಗ ಚರ್ಮ ಹಾಕಲ್ಲ ಕಣಮ್ಮೋ, ರಬ್ಬರು!"

"ನೀನ್ ಒಳಗಿಳಿದು ನೋಡಿದ್ಯೇನಪ್ಪ?"

"ಇಲ್ಲ..."

"ಹಂಗಾದ್ರೆ ಸುಮ್ಕಿರು."

ನಾನು ಅವರ ಮುಂದೆ ಕುಸಿದು ಕೂತೆ. "ಅತ್ತೆಮ್ಮ, ನನ್ನ ತಪ್ಪು. ಬಾವಿ ನೋಡ್ದೆ ಸೂಜಿ ಚುಚ್ಚಿದೆ. ನಿಮ್ಮ ಕಾಲು ಹಿಡೀತೀನಿ, ಒಂದು ಚೂರು ಬೆಲ್ಲ ಬಾಯಿಗೆ ಹಾಕ್ಕೊಳ್ಳಿ. ಆ ಪಾಪ ನನಗಿರಲಿ."

"ಪಾಪ ಹಂಗೆಲ್ಲ ಸೆರಗಿಂದ ಸೆರಗಿಗೆ ಬದಲಾಯ್ಸಕಾಗಲ್ಲ ಕಣೇ" ಎಂದು ನಕ್ಕರು. ಆದರೆ ಮೂಗಿನ ಮೇಲೆ ಸಣ್ಣಗೆ ಬೆವರು ಮೂಡಿತ್ತು. ಮಾಘದ ಚಳಿಯಲ್ಲಿ ಬೆವರು! ಕೈಯಲ್ಲಿದ್ದ ಪತ್ರೆ ನಡುಗುತ್ತಿತ್ತು. ನಾನು ಕಣ್ಣು ಮುಚ್ಚಿದೆ. ಪ್ರಾರ್ಥನೆಯೆಂದು ದೊಡ್ಡದಾಗಿ ಹೇಳಲಾರೆ. ಯಾವ ಹರಕೆಯೂ ಹೊಳೆಯಲಿಲ್ಲ. ಶಿವಾ, ಶಿವಾ, ಶಿವಾ ಎಂದಷ್ಟೇ.

"ಗೌರಿ, ಆ ಮೂಲೇಲಿರೋ ಎಳನೀರು ನೆನ್ನೆ ಎಲ್ಲಾ ಕುಡುದ್ರಾ?"

ಕಣ್ಣು ಬಿಟ್ಟೆ. "ಇಲ್ಲ, ಮೂರು ಉಳಿದಿವೆ. ಯಾಕೆ?"

"ನಮ್ ತ್ವಾಟದ್ದೇ ಅಲ್ವಾ?"

"ಹೌದು."

"ರಂಗಣ್ಣ, ಮಚ್ಚೈತೇನಪ್ಪ? ಎಲ್ಡು ಕೊಚ್ಚು. ಬಾಯಿ ಸಣ್ಣಕ್ಕೆ ಮಾಡು."

ನಾನು ದಡ್ಡಿ, ಇವರು ಕುಡಿಯಲು ಕೇಳಿದರೆಂದೇ ತಿಳಿದೆ. ಅವರು ಎಳನೀರನ್ನು ಎತ್ತಿ ಅಂಗೈಯ ಲಿಂಗದ ಮೇಲೆ ಸಣ್ಣ ಧಾರೆಯಾಗಿ ಬಿಟ್ಟಾಗ ಗೊತ್ತಾಯಿತು. ಯಾರೂ ಸೇದದ, ಯಾವ ವಾಷರೂ ಮುಟ್ಟದ ನೀರು, ಕೊಚ್ಚಿದ ಗಳಿಗೆಯಲ್ಲೇ ಹುಟ್ಟಿದ ನೀರು. ಅದನ್ನು ಹಿಂದಿನ ದಿನದಿಂದ ಕಾಲಲ್ಲಿ ಒತ್ತರಿಸುತ್ತ ಓಡಾಡಿದ್ದೆವು. ರಂಗಣ್ಣ ಮಚ್ಚನ್ನು ಕೆಳಗಿಟ್ಟು ಕೈ ಮುಗಿದರು. ಮನೆಯಲ್ಲಿ ಅರ್ಧ ಗಂಟೆ ಹಿಡಿಯುವ ಪೂಜೆ ಅವತ್ತು ಐದೇ ನಿಮಿಷಕ್ಕೆ ಮುಗಿಯಿತು. "ಇವತ್ತು ಅವನಿಗೂ ಬ್ಯಾಗ ಹಸಿವಾಗೈತೆ" ಅಂದರು ಅತ್ತೆ. ಲಿಂಗದ ಮೇಲಿಂದ ಇಳಿದ ಎಳನೀರನ್ನು ತೀರ್ಥವೆಂದು ಮೂರು ಸಲ ತೆಗೆದುಕೊಂಡರು. ಮೂರನೆಯದು ಬಾಯಿಗೆ ಹೋದಾಗ ಅವರು ಕಣ್ಣು ಮುಚ್ಚಿದರು. ಭಕ್ತಿಯೇ ಇರಬೇಕು. ಆದರೆ ನಾಲಿಗೆ ತುಟಿಯ ಮೇಲೆ ಒಂದು ಸಲ ಆಡಿದ್ದನ್ನು ನಾನು ನೋಡಿದೆ. ಮಿಕ್ಕ ಎಳನೀರನ್ನೂ ಪ್ರಸಾದವೆಂದು ಅವರಿಗೇ ಕುಡಿಸಿದೆ. ಡಾಕ್ಟರು ಅಲ್ಲಿದ್ದರೂ ಅವತ್ತು ಬೇಡ ಅನ್ನುತ್ತಿರಲಿಲ್ಲ.

ನಾನು ತಟ್ಟಿದ ರೊಟ್ಟಿ ಒಂದು ಕಡೆ ಸೀದು ಒಂದು ಕಡೆ ಹಸಿಯಾಗಿತ್ತು. ಅತ್ತೆ ಎರಡು ತಿಂದರು. ಕೈ ನಡುಕ ನಿಂತಿತು. ನಾನು ಅವರ ಬೆರಳುಗಳನ್ನೇ ನೋಡುತ್ತ ಕೂತಿದ್ದೆ. "ನನ್ ಕೈ ಏನ್ ನೋಡ್ತೀಯೇ, ಚಟ್ನಿಪುಡಿಗೆ ಎಣ್ಣೆ ಹಾಕು" ಅಂದರು.

ಆಗ ಬಂದರು ನಮ್ಮ ಮನೆಯವರು. ಹೆಗಲ ಮೇಲೆ ಹಗ್ಗದ ದೊಡ್ಡ ಸುರುಳಿ, ಕಾಲ ತುಂಬ ಅಂಟುಪುರಲೆಯ ಮುಳ್ಳು, ಏದುಸಿರು. ತಾಯಿ ರೊಟ್ಟಿ ತಿನ್ನುತ್ತಿರುವುದನ್ನು ಕಂಡು ಹಾಗೇ ನಿಂತುಬಿಟ್ಟರು.

"ಕೈ ತೊಳ್ಕೊಂಡು ಬಾರೋ, ರೊಟ್ಟಿ ಆರೋಗ್ತದೆ."

ಅವರು ಮಂಟಪದ ಮೆಟ್ಟಿಲ ಮೇಲೆ ಕೂತು ಟವೆಲಿನಿಂದ ಬಹಳ ಹೊತ್ತು ಮುಖ ಒರೆಸಿಕೊಂಡರು. "ಅಪ್ಪಾ, ಅಳ್ತಿದೀಯಾ?" ಎಂದು ಕೇಳಿದಳು ಉಮಾ. "ಬೆವರು ಕಣೇ" ಅಂದರು.

ಹತ್ತಕ್ಕೆ ಸರಿಯಾಗಿ ವ್ಯಾನು ಬಂತು. ನಾನು ಒಲೆಗೆ ನೀರು ಸುರಿದು ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಅತ್ತೆ ಬಿಲ್ವದ ಬುಡಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, ಸೆರಗು ತಲೆಯಿಂದ ಜಾರಿದ್ದನ್ನೂ ಲೆಕ್ಕಿಸದೆ ಮೇಲೆ ನೋಡುತ್ತಿದ್ದರು. ಮೇಲೆ ಯಾವುದೋ ಹಕ್ಕಿ ಕೊಂಬೆ ಕುಟ್ಟುತ್ತಿತ್ತು.

"ಅವ್ವಾ, ಏಳು. ವ್ಯಾನು ಬಂತು" ಎಂದರು ಮಗ.

"ಬಂತಾ? ನಾಳೀಕ್ ಬಾ ಅನ್ನು."

ಚೀಲ ನನ್ನ ಕೈಯಿಂದ ಜಾರಿತು. ನಮ್ಮ ಮನೆಯವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ.

"ನಾಳೆ ಸೋಮವಾರ ಅವ್ವಾ. ಅಂಗಡಿ..."

"ಅಂಗಡಿ ಓಡೋಗ್ತದಾ? ಕೊಬ್ಬರಿ ಅಟ್ಟದ್ ಮ್ಯಾಲೆ ವರ್ಷಾನುಗಟ್ಲೆ ಕೂರ್ತದೆ, ಇನ್ನೊಂದ್ ದಿನ ಕೂರ್ಲಿ."

"ಹಿಟ್ಟು ಒಂದು ಹೊತ್ತಿಗೆ ಮಾತ್ರ ಇದೆ ಅತ್ತೆಮ್ಮ" ಅಂದೆ ನಾನು.

"ಹಳೇಬೀಡಲ್ಲಿ ರಾಗಿ ಹಿಟ್ಟು ಸಿಗಲ್ವಾ?"

"ಆಮೇಲೆ ಈ ಹಗ್ಗ ಬೇರೆ ಮಧ್ಯಾಹ್ನಕ್ಕೇ ವಾಪಸ್ ಕೊಡ್ತೀನಿ ಅಂದಿದೀನಿ. ಆ ಅಜ್ಜಿ ಮನೇದು" ಎಂದರು ಮಗ.

"ಕೊಟ್ಟು ಬಾ. ವ್ಯಾನಲ್ಲೇ ಹೋಗಿ ಹಿಟ್ಟಿನ ಜೊತೆ ಒಂದು ಹಗ್ಗಾನೂ ಕೊಂಡ್ಕಂಬಾ."

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ, ತಮ್ಮ ಹಿತ್ತಿಲಲ್ಲಿ ಗಾಡಿಗಟ್ಟಲೆ ಹಗ್ಗ ಬಿದ್ದಿರುವಾಗ, ಹಳೇಬೀಡಿನ ಸಂತೆಬೀದಿಯಲ್ಲಿ ಹಗ್ಗ ಕೊಳ್ಳಲು ಹೊರಟರು. ವ್ಯಾನು ಹತ್ತುವ ಮುಂಚೆ ತಿರುಗಿ ಕೇಳಿದರು: "ಎಷ್ಟು ಮಾರು ತರ್ಲಿ ಅವ್ವಾ?"

ಅತ್ತೆ ಕಣ್ಣು ಮರದಿಂದ ಕೀಳಲೇ ಇಲ್ಲ.

"ಮಾರುಗೀರು ನಂಗೊತ್ತಿಲ್ಲಪ್ಪ. ನಾಲ್ಕು ದಿನ ತಡೀಬೇಕು, ಅಂಥದ್ದು ತಾ."